ಒಂದೇ ಸ್ಟಾರ್ ಕೊಟ್ಟವಳು

"ಆ ಗ್ರಾಫಿಕ್ಸ್ ಕಾರ್ಡ್ ನನಗ ಬ್ಯಾಡಂತ ಹೇಳಾಕ ನೀವ್ಯಾರ್ರೀ?"

ಬೈಲಹೊಂಗಲ ಬಜಾರಿನ ಆ ಪುಟ್ಟ ಕಂಪ್ಯೂಟರ್ ಅಂಗಡಿಯಲ್ಲಿ ಶಿವಾನಿಯ ದನಿ ತುಸು ಜೋರಾಗಿಯೇ ಕೇಳಿಸಿತು. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹುಡುಗಿ! ಅವಳು ತನ್ನೂರು ಮುರಗೋಡದಿಂದ ಬರೆದು ತಂದಿದ್ದ ಪಟ್ಟಿಯಲ್ಲಿ ದೊಡ್ಡ ಕಾರ್ಡನ್ನು ಹೊಡೆದುಹಾಕಿ, ಅಂಗಡಿಯ ಬಸವಲಿಂಗ ಮಧ್ಯಮದ್ದೊಂದನ್ನು ಬರೆದಿದ್ದ.

'ಹುಡುಗಿ ಏನ್ ಗೇಮ್ ಆಡ್ತಾಳ ಅಂದ್ಕೊಂಡಾನ!'

"ಗೇಮ್ ಆಡೂದು ಸಂಜಿ ಎರಡು ತಾಸು, ವಿಡಿಯೋ ಎಡಿಟಿಂಗ್ ದಿನಾ ಪೂರ್ತಿ. ಹೌದಿಲ್ರಿ?" ಅವನು ತಣ್ಣಗೆ ಕೇಳಿದ.

"ಹೌದು... ಆದ್ರ..."

"ಎಲ್ಲಾ ರೊಕ್ಕ ಕಾರ್ಡಿಗೇ ಸುರದ್ರ ರ‍್ಯಾಮ್ ಕಡಿಮಿ ಬೀಳ್ತೈತಿ, ಪವರ್ ಸಪ್ಲೈ ಹಗುರಂದು ಬರ್ತೈತಿ. ನಿಮ್ಮೂರಾಗ ಕರೆಂಟ್ ಹೆಂಗ ಕುಣೀತೈತಿ ಗೊತ್ತಿಲ್ಲೇನ್ರಿ? ರ‍್ಯಾಮ್ ಮೂವತ್ತೆರಡು ಜಿಬಿ ಹಾಕೂಣು, ಪವರ್ ಸಪ್ಲೈ ಚಲೋದು ಹಾಕೂಣು. ಕಾರ್ಡ್ ಮುಂದ ಬದಲಿ ಮಾಡಾಕ ಬರ್ತೈತಿ."

ಶಿವಾನಿ ಪಟ್ಟಿಯನ್ನು ಮತ್ತೊಮ್ಮೆ ಓದಿ ತಲೆಯಾಡಿಸಿದಳು. ಎರಡು ವರ್ಷ ಊರ ಹೆಂಗಸರ ಜಂಪರ್ ಹೊಲಿದು ಕೂಡಿಟ್ಟ ದುಡ್ಡಿನ, ಸ್ವಂತ ವಿಡಿಯೋ ಚಾನೆಲ್ಲಿನ ಕನಸು ಅದು. ಇದು ಕೈಕೊಟ್ಟರೆ ಮತ್ತೆ ಹೊಲಿಗೆ ಯಂತ್ರವೇ ಗತಿ ಎಂದು ಅಪ್ಪ ಮೊದಲೇ ಹೇಳಿಟ್ಟಿದ್ದರು.

ಪ್ರೊಸೆಸರ್, ಮಾನಿಟರ್, ಗಾಜಿನ ಕ್ಯಾಬಿನೆಟ್ ಎಂದು ಮತ್ತೆ ಮೂರು ಸಲ ಬೈಲಹೊಂಗಲಕ್ಕೆ ಹೋದಳು. ಒಂದು ಸಲದಲ್ಲೇ ಮುಗಿಯುವ ಕೆಲಸವಾಗಿತ್ತು ಎಂದು ಅವಳಿಗೂ ಗೊತ್ತಿತ್ತು.

'ಇವಂಗ ನನ್ನ ಕೆಲಸ ತಿಳೀತೈತಿ...' ಬಸ್ಸಿನಲ್ಲಿ ತನ್ನಷ್ಟಕ್ಕೇ ನಕ್ಕಳು.

ಬಸವಲಿಂಗ ಜೋಡಿಸಿಕೊಟ್ಟ ಕಂಪ್ಯೂಟರ್ ಶುಕ್ರವಾರ ಮನೆಗೆ ಬಂತು. ಅವ್ವ ಸುಂದರವ್ವ ಹೊಸ ಟ್ರ್ಯಾಕ್ಟರಿಗೆ ಮಾಡುವಂತೆಯೇ ವಿಭೂತಿ ಹಚ್ಚಿ, ಹೂ ಏರಿಸಿ, ಕಾಯಿ ಒಡೆದಳು. ತನ್ನ ಚಾನೆಲ್ಲಿನ ಮೊದಲ ವಿಡಿಯೋಗೆಂದು ಶಿವಾನಿ ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದಳು.

ಸ್ವಿಚ್ ಒತ್ತಿದರೆ... ಫ್ಯಾನ್ ತಿರುಗಿತು, ಪರದೆ ಕಪ್ಪು!

ಮರುದಿನ ಬೆಳಿಗ್ಗೆ ತಾಯಿ ಮಗಳು ಕ್ಯಾಬಿನೆಟ್ ಹೊತ್ತು ಅಂಗಡಿಗೆ ಬಂದರು. ಬಸವಲಿಂಗ ಬಿಚ್ಚಿ ಒಳಗೆ ನೋಡಿದ. ಕಾರ್ಡಿನ ಮೇಲೆ ಬೆರಳಾಡಿಸಿ, ಸುಂದರವ್ವನ ಮುಖ ನೋಡಿದ.

"ಏನಾಗೇತೋ ಯಪ್ಪಾ? ನಾ ಕೈ ಹಚ್ಚಿದ್ದಕ್ಕ ಕೆಟ್ಟಿತೇನು?" ಸುಂದರವ್ವ ಸೆರಗು ಹಿಂಡುತ್ತ ಕೇಳಿದಳು.

"ಇಲ್ರಿ ಅವ್ವಾರ. ನಾನ ವೈರ್ ಸರಿ ಕೂಡಿಸಿರಲಿಲ್ಲ. ನಂದ ತಪ್ಪು. ಎರಡು ದಿನದಾಗ ಸರಿ ಮಾಡಿ ಕಳಸ್ತೇನಿ."

ಶಿವಾನಿಗೆ ಸಿಟ್ಟು ಬಂತು. 'ನಾ ಇಷ್ಟು ನಂಬಿದ್ನಲ್ಲಾ... ನನ್ನ ಕೆಲಸಾನ ಇಷ್ಟು ಹಗುರ ಮಾಡಿದನೇನು?'

ಅವತ್ತೇ ಮೊಬೈಲಿನ ರಿವ್ಯೂ ಪುಟದಲ್ಲಿ ಅಂಗಡಿಯ ಹೆಸರಿನ ಕೆಳಗೆ ಒಂದೇ ಒಂದು ಸ್ಟಾರ್ ಒತ್ತಿದಳು. 'ಅರ್ಧಂಬರ್ಧ ಕೆಲಸ. ಯಾರೂ ಹೋಗಬೇಡಿ.' ಅದನ್ನು ಓದಿ ಕಿತ್ತೂರಿನ ಸ್ಟುಡಿಯೋದವರೊಬ್ಬರು ಕೊಟ್ಟ ಆರ್ಡರ್ ವಾಪಸ್ ಪಡೆದರು ಎಂಬ ಸುದ್ದಿ ಅವಳಿಗೂ ಮುಟ್ಟಿತು. ಮುಟ್ಟಿದರೂ ಅಳಿಸಲಿಲ್ಲ.

ದುರಸ್ತಿಯಾಗಿ ಬಂದ ಕಂಪ್ಯೂಟರಿನ ಮುಂದೆ ಮೊದಲ ವಿಡಿಯೋ ಎಡಿಟ್ ಮಾಡಲು ಕುಳಿತಳು. ಪೂಜೆಯ ದೃಶ್ಯವನ್ನು ನಿಧಾನಗೊಳಿಸಿದಳು. ಪರದೆಯ ಮೇಲೆ ಅವ್ವ ಕಾಯಿ ಒಡೆದಳು. ಕಣ್ಣು ಮುಚ್ಚಿ, ಹೋಳಿನಲ್ಲಿದ್ದ ನೀರನ್ನು ಕ್ಯಾಬಿನೆಟ್ಟಿನ ಮೇಲೆ ಭಕ್ತಿಯಿಂದ ಸುರಿದಳು. ಅವತ್ತು ಮೊಬೈಲ್ ಹಿಡಿದು ನಿಂತಾಗ ಕಾಣದ್ದು ಈಗ ಕಂಡಿತು: ಮೇಲಿನ ಜಾಲರಿಯಿಂದ ಇಳಿದ ನೀರು ನೇರವಾಗಿ ಕಾರ್ಡಿನ ಮೇಲೆ!

ಶಿವಾನಿ ದೃಶ್ಯವನ್ನು ಹಿಂದಕ್ಕೆ ಓಡಿಸಿ ಮತ್ತೆ ನೋಡಿದಳು. 'ಅವನು ನೋಡ್ಯಾನ... ಎಲ್ಲಾ ಗೊತ್ತಿದ್ದೂ ತನ್ನ ತಪ್ಪಂದ!'

ಮುಂದಿನ ಬಸ್ಸಿಗೇ ಹೊರಟಳು. ಅಂಗಡಿಯಲ್ಲಿ ಬಸವಲಿಂಗ ಒಬ್ಬನೇ ಇದ್ದ.

"ಕಾಯಿ ನೀರಂತ ಗೊತ್ತಿದ್ರೂ ಸುಳ್ಳ ಯಾಕ ಹೇಳಿದ್ರಿ?"

ಅವನು ತಲೆ ತಗ್ಗಿಸಿದ. "ತೊಳೆದು ಒಣಗಿಸಿದ್ರ ಕಾರ್ಡ್ ಸರಿ ಆಗ್ತೈತಿ ಅಂತ ಗೊತ್ತಿತ್ರಿ. ಆದ್ರ ಅವ್ವಾರ ಮಾರಿ ನೋಡಿ ಬಾಯಿ ಬರಲಿಲ್ಲ. ಮಗಳ ಕನಸು ತಮ್ಮ ಕೈಯಾರ ಕೆಡಿಸಿದೆ ಅಂತ ಜನ್ಮಾ ಪೂರ್ತಿ ಮರಗ್ತಿದ್ರು."

"ನನಗರ ಹೇಳಬೇಕಿತ್ತು! ನಾ ನಿಮ್ಮ ಹೆಸರು ಕೆಡಿಸಿದ್ನಿ..."

"ಹೆಸರು ಮತ್ತ ಗಳಿಸಬಹುದ್ರಿ. ನೀವು ಬರೂದು ಬಿಟ್ರಲ್ಲಾ... ಅದ ನನಗ ತಡಕೊಳ್ಳಾಕ ಆಗಲಿಲ್ಲ."

ಶಿವಾನಿಯ ಕಣ್ಣು ತುಂಬಿ ಬಂತು. ಅವಳಿಗೂ ಈ ಅಂಗಡಿ ಇಲ್ಲದೆ ದಿನ ಹೋಗಿರಲಿಲ್ಲ. ಅಲ್ಲಿಯೇ ನಿಂತು ಹಳೆಯ ಮಾತು ಅಳಿಸಿ, 'ತಪ್ಪು ನನ್ನದು, ಇವರದಲ್ಲ' ಎಂದು ಬರೆದಳು. ಕಿತ್ತೂರಿನ ಸ್ಟುಡಿಯೋದವರಿಗೆ ತಾನೇ ಫೋನ್ ಮಾಡಿ, ಆರ್ಡರ್ ಮತ್ತೆ ಕೊಡಿ ಎಂದು ಕೇಳಿಕೊಂಡಳು. ಆಮೇಲೆ ಅವನ ಕಡೆ ತಿರುಗಿದಳು.

"ಐತವಾರ ನಮ್ಮ ಮನಿಗೆ ಬರ್ತೀರೇನ್ರಿ?"

"ಯಾಕ್ರಿ, ಮತ್ತ ಏನರ ಕೆಟ್ಟೈತೇನು?"

"ಕಂಪ್ಯೂಟರ್ ಚಲೋ ಐತ್ರಿ. ನಮ್ಮಪ್ಪನ ಜೋಡಿ ಮಾತಾಡಾಕ ಬರ್ರಿ."

ಬಸವಲಿಂಗ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ. "ಏನಂತ ಮಾತಾಡ್ಲಿ?"

ಅವಳು ಕಣ್ಣೊರೆಸಿಕೊಂಡು ನಕ್ಕಳು.

"ಅದನ್ನೂ ನಾನ ಹೇಳಬೇಕೇನ್ರಿ?"