ನಿಲುವಂಗಿಯ ಅಂಚಿನಲ್ಲಿ ಏಳು ಎಳೆ

ಸಂಜೆ ಐದೂ ಇಪ್ಪತ್ತು. ರಾಣಿಯ ನಿಲುವಂಗಿಯ ಅಂಚಿನೊಳಗೆ ತಂಗಿ ತನ್ನ ಅಕ್ಕನ ಏಳು ಕೂದಲೆಳೆ ಇಟ್ಟು ಹೊಲಿದಳು.

ನಾಟಕ ತಂಡದ ಬಟ್ಟೆ ಹೊಲಿಯುವ ಮುದುಕಿ ಅದನ್ನು ಕಂಡಳು. ಗುಡಾರದೊಳಗೆ ಬೆವರು, ಮುಖದ ಬಣ್ಣ, ಬಿಸಿಲಿಗೆ ಕಾದ ಬಟ್ಟೆಯ ವಾಸನೆ.

“ಬಿಚ್ಚಮ್ಮಾ ಅದನ್ನ. ತೊಟ್ಟುಕೊಂಡು ನಾಟಕದ ಕಡೇ ಮಾತು ಆಡಿದವರ ಗಂಟಲು ಕಟ್ಟಿಹೋಗುತ್ತೆ. ಹೊಲಿದ ಕೈಯೇ ಬಿಚ್ಚಬೇಕು, ನಾನು ಮುಟ್ಟೋ ಹಾಗಿಲ್ಲ.”

“ಕಟ್ಲಿ ಬಿಡಜ್ಜಿ. ಮೂರು ಬೇಸಿಗೆಯಿಂದ ಅಕ್ಕಂದೇ ಬಾಯಿ. ಅದಕ್ಕೂ ಸ್ವಲ್ಪ ರಜ ಬೇಡ್ವಾ?”

ಈ ಕೂದಲಿನ ಕತೆ ಹೇಳಿ ತಂಡದಲ್ಲಿ ನಗೆಪಾಟಲಾದವಳು ಮುದುಕಿಯೇ. ತಂಗಿಗೂ ಮಾಟದಲ್ಲಿ ನಂಬಿಕೆ ಇರಲಿಲ್ಲ. ಹೊಟ್ಟೆಕಿಚ್ಚಿತ್ತು. ಸೂಜಿ ಹಿಡಿಯಲು ಅಷ್ಟು ಸಾಕಾಯಿತು.

ಹಳೆಯ ನಾಟಕಗಳನ್ನು ಹೊಸದಾಗಿ ಕಟ್ಟಿ, ಬೇಸಿಗೆಯಲ್ಲಿ ಉದ್ಯಾನದ ಹುಲ್ಲಿನ ಮೇಲೆ ಆಡುವ ತಂಡ ಅದು. ಪರದೆ ಇಲ್ಲ, ವೇಷ ಬದಲಾಯಿಸುವುದೂ ಜನರ ಎದುರೇ. ಅಕ್ಕ ರಾಣಿ. ಈ ವರ್ಷ ಸೇರಿದ ತಂಗಿ ಬೀಸಣಿಗೆ ಹಿಡಿಯುವ ದಾಸಿ, ಒಂದೂ ಮಾತಿಲ್ಲ. ರಾಣಿಯ ಮಾತೆಲ್ಲ ಅವಳಿಗೆ ಬಾಯಿಪಾಠ. ಬೀಸಣಿಗೆಯ ಮರೆಯಲ್ಲಿ ತುಟಿ ಅಲ್ಲಾಡಿಸುತ್ತಿದ್ದಳು.

ಆರಕ್ಕೆ ಆಟ ಶುರುವಾಯಿತು. ಅಕ್ಕನ ದನಿ ಕೊನೆಯ ಸಾಲಿನ ಕುರ್ಚಿಗೂ ಸಲೀಸಾಗಿ ತಲುಪಿತು. ಪ್ರತಿ ಚಪ್ಪಾಳೆಗೂ ತಂಗಿಯ ಎದೆ ಉರಿಯಿತು. ಕಡೇ ಮಾತು ಬರಲಿ, ನೋಡೋಣ ಅಂದುಕೊಂಡಳು.

ಕಡೇ ದೃಶ್ಯ. ಸಿಂಹಾಸನದಿಂದ ಎದ್ದ ಅಕ್ಕ ನಿಲುವಂಗಿ ಕಳಚಿ ತಂಗಿಗೆ ತೊಡಿಸಿದಳು.

“ಇನ್ನು ನೀನೇ ರಾಣಿ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಆಮೇಲೆ ಕಿವಿಯಲ್ಲಿ, “ಹೆದರ್ಬೇಡ ಕಣೇ. ನಿರ್ದೇಶಕರನ್ನ ಕಾಡಿ ಬೇಡಿ ಒಪ್ಪಿಸಿದೀನಿ. ಕಡೇ ಮಾತು ನಿಂದು. ನಿಂಗೆ ಬಾಯಿಪಾಠ ಅಂತ ನಂಗೊತ್ತಿಲ್ವಾ?”

ತಂಗಿ ಅಂಚಿಗೆ ಕೈ ಹಾಕಿದಳು. ದಾರ ಸಿಗಲಿಲ್ಲ. ಉಗುರು ಕಿತ್ತುಬಂತು. ಎಲ್ಲಿಂದಲೋ ಕೂದಲು ಸುಟ್ಟ ವಾಸನೆ. ಮರಗಳ ಕೆಳಗೆ ಕತ್ತಲು ಕಟ್ಟಿತು. ಜೀರುಂಡೆಗಳ ಸದ್ದು ನಿಂತಿತು.

ಸುಮ್ಮನಿದ್ದರೆ ಸಾಕಿತ್ತು. ಆದರೆ ಮುನ್ನೂರು ಮುಖಗಳು ಅವಳನ್ನೇ ನೋಡುತ್ತಿದ್ದವು. ಅಕ್ಕನನ್ನಲ್ಲ. ಅವಳನ್ನು.

ಬಾಯಿ ತೆರೆದಳು. ಮಾತು ಚೆನ್ನಾಗಿಯೇ ಬಂತು. ಕೊನೆಯ ಪದಕ್ಕೆ ಗಂಟಲೊಳಗೆ ಏನೋ ಬಿಗಿಯಿತು. ಒಂದು ಎಳೆ. ಇನ್ನೊಂದು. ಏಳು.

ಚಪ್ಪಾಳೆ ಬಿತ್ತು. ಅಕ್ಕಾ ಎಂದು ಕೂಗಲು ನೋಡಿದಳು. ದನಿ ಇರಲಿಲ್ಲ.

ಮುಂದಿನ ಬೇಸಿಗೆಯೂ ಅದೇ ನಾಟಕ ಆಡಿದರು. ಅಕ್ಕ ರಾಣಿ. ತಂಗಿ ಬೀಸಣಿಗೆ ಹಿಡಿದಳು.