ಈಕ್ವಲೈಸರ್ ಜೋಡಿಸಲು ಬಂದವನು

"ನಿಮ್ಮ ಸ್ಟೀರಿಯೊಗೆ ಏನೂ ಆಗಿಲ್ಲ ಮೇಡಂ."

ರಿಪೇರಿಯವನು ಹಾಗೆಂದು ಎದ್ದು ನಿಂತಾಗ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು.

"ಹಾಗಾದ್ರೆ ನಾನು ಸುಳ್ಳು ಹೇಳ್ತಿದೀನಾ? ಹಾಡೆಲ್ಲ ಕಂಬಳಿ ಹೊದ್ದುಕೊಂಡು ಹಾಡಿದ ಹಾಗೆ ಕೇಳುತ್ತೆ. ಈಕ್ವಲೈಸರ್ ಹಾಕಿಸಿದ್ರೆ ಸರಿಹೋಗುತ್ತಂತೆ. ನಿಮ್ಮ ಹತ್ರ ಇದೆಯೋ ಇಲ್ವೋ?"

"ಇದೆ. ಆದ್ರೆ ಇಷ್ಟು ಒಳ್ಳೆ ಸೆಟ್ಟಿಗೆ ಅದು ಬೇಕಾಗಲ್ಲ..." ಆತ ಅವಳ ಮುಖವನ್ನೊಮ್ಮೆ ನೋಡಿದ. ಏನನ್ನಿಸಿತೋ, ದನಿ ತಗ್ಗಿತು. "ಆಯ್ತು, ನಾಳೆ ತರ್ತೀನಿ."

ಅವಳು ನೂಲಿನ ಮಿಲ್ಲಿನಲ್ಲಿ ಮೇಲ್ವಿಚಾರಕಿ. ಓದು ಮುಗಿದಾಗಿನಿಂದ ಆ ಯಂತ್ರಗಳ ಗದ್ದಲದಲ್ಲೇ ದುಡಿದವಳು. ಅಕ್ಕ ಮದುವೆಯಾಗಿ ಬೇರೆ ಊರು ಸೇರಿದ ಮೇಲೆ ಮನೆಯಲ್ಲಿ ಮಾತಾಡುವುದೆಂದರೆ ಆ ಸ್ಟೀರಿಯೊ ಒಂದೇ.

ಈಚೆಗೆ ಅದೂ ಮಂಕಾಗಿತ್ತು. ಜನರೂ ಬದಲಾಗಿದ್ದರು. ಕ್ಯಾಂಟೀನಿನಲ್ಲಿ ಹುಡುಗಿಯರು ಏನೋ ಹೇಳಿಕೊಂಡು ನಗುತ್ತಿದ್ದರು, ಅವಳಿಗೆ ನಗು ಮಾತ್ರ ಕಾಣುತ್ತಿತ್ತು.

'ನನಗೆ ಕೇಳಿಸಬಾರದು ಅಂತಲೇ ಪಿಸುಗುಟ್ಟುತ್ತಾರೆ...'

ಅವಳು ಮೂಲೆಯ ಮೇಜಿಗೆ ಸರಿದಳು. ಯಾರೂ ಕರೆಯಲಿಲ್ಲ. ಕರೆದಿದ್ದರೂ ಅವಳಿಗೆ ಕೇಳಿಸಿರಲಾರದು.

ಮರುದಿನ ಆತ ಈಕ್ವಲೈಸರ್ ತಂದು ಜೋಡಿಸಿದ. ಸಾಲಾಗಿ ಸಣ್ಣ ಸಣ್ಣ ಗುಂಡಿಗಳಿದ್ದ ಕಪ್ಪು ಪೆಟ್ಟಿಗೆ.

"ಈ ಕಡೆಯವು ದಪ್ಪ ಸದ್ದಿಗೆ. ನಡುವಿನವು ಹಾಡೋರ ದನಿಗೆ. ಆ ಕೊನೆಯವು ಕೊಳಲಿನಂಥ ಸಣ್ಣ ಸದ್ದಿಗೆ."

ಕೊನೆಯ ಗುಂಡಿಗಳನ್ನು ಆತ ಮೇಲಕ್ಕೆ ಸರಿಸಿದ. ಎಲ್ಲೋ ಕಳೆದುಹೋಗಿದ್ದ ಕೊಳಲು ತಿರುಗಿ ಬಂತು. ಅವಳ ಕಣ್ಣು ತುಂಬಿತು.

ಆಮೇಲೆ ಒಂದಲ್ಲ ಒಂದು ನೆಪ. "ಇನ್ನೂ ಸ್ವಲ್ಪ ಮಂಕು" ಎಂದು ಅವಳು ಫೋನ್ ಮಾಡುವಳು, ಆತ ಬರುವನು. ಟೀ ಕುಡಿಯುತ್ತಾ ಅಂಗಡಿಯ ಮೇಲಿನ ತನ್ನ ಒಂಟಿ ಕೋಣೆಯ ಬಗ್ಗೆ, ತಾನು ಪದೇ ಪದೇ ಸೀಯಿಸುವ ಅನ್ನದ ಬಗ್ಗೆ ಹೇಳುವನು. ಅವನ ಮಾತಿಗೆ ಅವಳು ಕಿವಿಗೊಟ್ಟು ಕಷ್ಟಪಡಬೇಕಿರಲಿಲ್ಲ. ಆತ ಎದ್ದು ಹೋದ ಮೇಲೆ ಮನೆ ಇನ್ನಷ್ಟು ಖಾಲಿಯಾಗುತ್ತಿತ್ತು.

ಒಂದು ಸಂಜೆ ಆತ ಕೂತಿದ್ದಾಗಲೇ ಅವಳು ಆ ಕೊನೆಯ ಗುಂಡಿಗಳನ್ನು ತುದಿಗೆ ಏರಿಸಿದಳು.

"ಈಗ ಚೆನ್ನಾಗಿದೆ, ಅಲ್ವಾ?"

ತಿರುಗಿ ನೋಡಿದರೆ ಆತ ಮುಖ ಹಿಂಡಿಕೊಂಡು ಬಾಗಿಲ ಕಡೆ ನೋಡುತ್ತಿದ್ದ.

'ಈ ಮನೆಯಲ್ಲಿ ಕೂರೋದೇ ಇವರಿಗೆ ಹಿಂಸೆ...'

"ಬೇಜಾರಾಗಿದ್ರೆ ಬಾಯಿಬಿಟ್ಟು ಹೇಳಬಹುದಿತ್ತು. ಇನ್ಮೇಲೆ ಕರೆಯಲ್ಲ."

ಆತ ಟೀ ಲೋಟ ಕೆಳಗಿಟ್ಟ. ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ.

ಆಮೇಲೆ ಅವಳು ಸ್ಟೀರಿಯೊ ಹಾಕಲೇ ಇಲ್ಲ. ಗೋಡೆ ನೋಡುತ್ತಾ ಊಟ, ಗೋಡೆಗೆ ಮುಖ ಮಾಡಿ ನಿದ್ದೆ.

ಅಕ್ಕ ಬಂದ ದಿನ, ಮನೆ ತೀರಾ ಬಿಕೋ ಎನ್ನಬಾರದೆಂದು ಒಂದು ಹಾಡು ಹಾಕಿದಳು. ಅಡುಗೆಮನೆಯಿಂದ ಅಕ್ಕ ಕಿವಿ ಮುಚ್ಚಿಕೊಂಡು ಓಡಿ ಬಂದಳು.

"ಇದೇನೇ, ಕಿವಿಗೆ ಸೂಜಿ ಚುಚ್ಚಿದ ಹಾಗಿದೆ! ನಿಂಗೇನೂ ಅನ್ನಿಸ್ತಿಲ್ವಾ?"

ಅವಳಿಗೆ ಏನೂ ಅನ್ನಿಸಿರಲಿಲ್ಲ.

ಅಕ್ಕ ಕೈ ಹಿಡಿದು ಕಿವಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮಿಲ್ಲಿನ ಗದ್ದಲಕ್ಕೆ ಸಣ್ಣ ಸದ್ದು ಹಿಡಿಯುವ ಶಕ್ತಿ ಸವೆದಿದೆ ಎಂದರು ಅವರು. ಹೆಂಗಸರ, ಮಕ್ಕಳ ಮಾತು ಅರ್ಧಕ್ಕರ್ಧ ತಪ್ಪಿಹೋಗುತ್ತದೆ, ದಪ್ಪ ದನಿ ಮಾತ್ರ ಸರಿಯಾಗಿ ಕೇಳುತ್ತದೆ. ಶ್ರವಣಯಂತ್ರ ಹಾಕಿಕೊಂಡರೆ ಅನುಕೂಲ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಯಾರೂ ಪಿಸುಗುಟ್ಟಿರಲಿಲ್ಲ... ಮೂಲೆಗೆ ಸರಿದವಳು ತಾನೇ.

ಮತ್ತೆ ಆ ಹಿಂಡಿದ ಮುಖ? ಪಾಪ, ಅವನಿಗೆ ಕಿವಿ ನೋಯುತ್ತಿತ್ತು.

ಅಕ್ಕನನ್ನು ಮನೆಗೆ ಕಳಿಸಿ ನೇರ ಅವನ ಅಂಗಡಿಗೆ ಹೋದಳು.

"ಕಿವಿ ಡಾಕ್ಟರು ಯಂತ್ರ ಹಾಕ್ಕೊಳ್ಳಿ ಅಂದ್ರು. ನನ್ನ ಕಿವಿ ಹೀಗಾಗಿರೋದು ನಿಮಗೆ ಗೊತ್ತಿತ್ತಾ?"

ಆತ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. "ಮೊದಲ ದಿನವೇ ಅನುಮಾನ ಬಂತು."

"ಯಾಕೆ ಹೇಳಲಿಲ್ಲ?"

"ಆಗ ಧೈರ್ಯ ಬರಲಿಲ್ಲ. ಆಮೇಲೆ... ಹೇಳಿದ್ರೆ ಡಾಕ್ಟರ ಹತ್ರ ಹೋಗ್ತೀರಿ. ನನ್ನನ್ನ ಯಾಕೆ ಕರೀತೀರಿ ಅನ್ನಿಸ್ತು."

"ಅಷ್ಟು ದಿನ ನಾನು ಎಲ್ಲರನ್ನೂ ತಪ್ಪು ತಿಳ್ಕೊಂಡು ಒಬ್ಬಳೇ ಕೊರಗಿದೆ."

"ನೀವು ಹಾಗೆ ಕೊರಗ್ತಿದ್ದದ್ದು ಗೊತ್ತಿರಲಿಲ್ಲ. ನಂದೇ ತಪ್ಪು." ಆತ ತಲೆ ಎತ್ತಲಿಲ್ಲ. "ಯಂತ್ರ ಬಂದ ಮೇಲೆ ಈಕ್ವಲೈಸರ್ ಬಿಚ್ಚಿಕೊಂಡು ಬರ್ತೀನಿ. ಇನ್ನು ಅದರ ಅವಶ್ಯಕತೆ ಇರಲ್ಲ."

ಸಿಟ್ಟಿತ್ತು, ನಿಜ. ಆದರೆ ಅಲ್ಲಿಂದ ಹೊರಡಲು ಕಾಲೇ ಬರಲಿಲ್ಲ.

"ಯಾರ ಮಾತೂ ನನಗೆ ಸರಿಯಾಗಿ ಕೇಳಿಸ್ತಿರಲಿಲ್ಲ" ಎಂದಳು ಮೆಲ್ಲಗೆ. "ನಿಮ್ಮದು ಮಾತ್ರ ಪೂರ್ತಿ ಕೇಳಿಸ್ತಿತ್ತು."

"ನಂದು ದಪ್ಪ ದನಿ, ಅದಕ್ಕೆ."

"ಮಿಲ್ ಮ್ಯಾನೇಜರದ್ದು ನಿಮಗಿಂತ ದಪ್ಪ. ಅವರನ್ನ ನಾನು ಒಂದು ದಿನವೂ ಟೀಗೆ ಕರೆದಿಲ್ಲ."

ಆತ ತಲೆ ಎತ್ತಿದ.

"ಸಂಜೆ... ಬರಲಾ?"

"ಬನ್ನಿ. ಅಕ್ಕ ಇದ್ದಾಳೆ, ಸ್ವಲ್ಪ ತಲೆ ಬಾಚಿಕೊಂಡು ಬನ್ನಿ."