ಮೂರನೇ ತಟ್ಟೆ

"ನಿಮ್ಮ ಕೊರೆತ ಸರಿಯಿಲ್ಲ." ನಾನು ಅವನಿಗೆ ಹೇಳಿದ ಮೊದಲ ಮಾತೇ ಅದು.

ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ಮಿಲಿಮೀಟರ್ ಎನ್ನುತ್ತಿದ್ದರು. ಹೈಡ್ರೋಜನ್ನೂ ಗಾಳಿಯೂ ಸೇರಿ ವಿದ್ಯುತ್ ಹುಟ್ಟಿಸುವ ಫ್ಯುಯೆಲ್ ಸೆಲ್ಲಿನ ಗ್ರಾಫೈಟ್ ತಟ್ಟೆಯಲ್ಲಿ ಗಾಳಿ ಹರಿಯುವ ಸಣ್ಣ ಕಾಲುವೆಗಳನ್ನು ಕೊರೆಯುವುದು ಅವನ ಕೆಲಸ. ಕಾಲುವೆಯ ಈ ತುದಿಯಿಂದ ಆ ತುದಿಗೆ ಪ್ರೆಶರ್ ಎಷ್ಟು ಇಳಿಯುತ್ತದೆಂದು ಅಳೆಯುವುದು ನನ್ನ ಸಂಶೋಧನೆ. ಅದು ಲೆಕ್ಕಕ್ಕಿಂತ ದುಪ್ಪಟ್ಟು ಇಳಿಯುತ್ತಿತ್ತು; ಕಾಲುವೆ ಕಿರಿದಾಗಿದ್ದರೆ ಹಾಗಾಗುತ್ತದೆ.

ಅವನು ತಟ್ಟೆಯನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ನನ್ನನ್ನು ನೋಡಿದ.

"ಕುಣೀಲಾರದವರು ನೆಲ ಡೊಂಕು ಅಂದ್ರಂತೆ, ಮೇಡಂ."

ಸಿಟ್ಟು ಬರಬೇಕಿತ್ತು. ನಗು ಬಂತು.

ಆಮೇಲೆ ನಾನು ಕೇಳಿದಂತೆ, ಒಂದಾದ ಮೇಲೊಂದು ಇನ್ನೆರಡು ತಟ್ಟೆ ಕೊರೆದುಕೊಟ್ಟ. ತಾನೇ ಲ್ಯಾಬಿಗೆ ತಂದು, ನಾನು ಜೋಡಿಸಿ ಬಿಚ್ಚುವವರೆಗೂ ಸ್ಟೂಲಿನ ಮೇಲೆ ಕೂತಿರುತ್ತಿದ್ದ.

"ಬೋಲ್ಟ್ ಬಿಗಿಯುವಾಗ ನಾಲಿಗೆ ಹೊರಗೆ ಬರುತ್ತೆ ನಿಮಗೆ."

"ನೋಡ್ಬೇಡಿ ಹಾಗಾದ್ರೆ."

"ಅದನ್ನ ನೋಡೋಕೇ ಬಂದಿದ್ದು."

ಅಳತೆ ಮಾತ್ರ ಬದಲಾಗಲಿಲ್ಲ. ಗೈಡ್ ವರದಿ ಕೇಳಿದರು. ಬೇರೆ ಕಾರಣ ಹೊಳೆಯದೆ, 'ತಟ್ಟೆಯ ಕೊರೆತದಲ್ಲಿ ದೋಷವಿದೆ' ಎಂದು ಬರೆದೆ. ಒಂದು ಸಾಲಿನಿಂದ ಏನಾದೀತು ಅಂದುಕೊಂಡಿದ್ದೆ. ಅವನನ್ನು ಪೈಪ್ ಕತ್ತರಿಸುವ ಶೆಡ್ಡಿಗೆ ಹಾಕಿದರು. ನನ್ನನ್ನು ಏನೂ ಕೇಳದೆ, ತಿಂಗಳೊಳಗೆ ಕೆಲಸ ಬಿಟ್ಟು ಹೋದ.

ನಾಲ್ಕು ತಿಂಗಳ ಮೇಲೆ, ಸೆಲ್ಲಿಗೆ ಗಾಜಿನಂಥ ಮುಚ್ಚಳ ಹಾಕಿ ನೋಡಿದೆ. ಸೆಲ್ ನಡೆಯುವಾಗ ಹುಟ್ಟಿದ ನೀರು ಹನಿಹನಿಯಾಗಿ ಕಾಲುವೆಗೆ ಅಡ್ಡ ನಿಂತಿತ್ತು. ಗಾಳಿ ಅದನ್ನು ತಳ್ಳಿಕೊಂಡೇ ಸಾಗಬೇಕಿತ್ತು. ನಾನು ಗಾಳಿಯೊಂದನ್ನೇ ಲೆಕ್ಕಕ್ಕೆ ಹಿಡಿದಿದ್ದೆ. ಅವನ ಕೊರೆತ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ವರದಿ ತಿದ್ದಿಕೊಟ್ಟು ಅವನನ್ನು ಹುಡುಕಿಕೊಂಡು ಹೋದೆ. ಅಕ್ಕನ ಮನೆಗೆ ಅಂಟಿಕೊಂಡ ಬೀಗದಂಗಡಿಯಲ್ಲಿ ಮೆಷೀನಿನಲ್ಲಿ ಕೀಲಿಕೈ ಕೊರೆಯುತ್ತಿದ್ದ. ಕುರ್ಚಿ ಎಳೆದುಕೊಟ್ಟ. ಎಲ್ಲ ಹೇಳಿ ಕ್ಷಮೆ ಕೇಳಿದೆ.

"ನೀರು ಅಂತ ನಂಗೆ ಗೊತ್ತಿತ್ತು," ಎಂದ. "ಎರಡನೇ ತಟ್ಟೆ ಬಿಚ್ಚಿದಾಗ್ಲೇ ಒದ್ದೆ ಕಂಡಿತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಮೂರನೇದು ತಗೊಂಡು ಬರೋ ನೆಪ ಇರ್ತಿರ್ಲಿಲ್ಲ."

"ಮೂರನೇದು ನಂಗೂ ಬೇಕಿರ್ಲಿಲ್ಲ. ನೀವು ಬರ್ಲಿ ಅಂತ ಕೇಳಿದ್ದೆ."

ಅವನು ಮೆಷೀನು ಆಫ್ ಮಾಡಿದ. ಕೈಯ ಲೋಹದ ಪುಡಿಯನ್ನು ನಿಧಾನವಾಗಿ ಒರೆಸಿಕೊಂಡ.

"ಬರೋ ತಿಂಗಳು ನನ್ನ ಮದುವೆ. ಹುಡುಗಿ ಒಳ್ಳೆಯವಳು. ಅವಳ ಮುಂದೆ ಕೂತು ನಾನೇ ಹೂಂ ಅಂದು ಬಂದಿದ್ದೀನಿ."

ಒಳಗಿನಿಂದ ಅಕ್ಕ ಕೂಗಿದಳು: "ಯಾರೋ ಬಂದಿರೋದು?"

"ಲ್ಯಾಬಿನ ಮೇಡಂ, ಅಕ್ಕ," ಎಂದ, ನನ್ನನ್ನೇ ನೋಡುತ್ತಾ. "ಹೊರಟರು."

ನಾನಿನ್ನೂ ಕುರ್ಚಿಯಿಂದ ಎದ್ದಿರಲಿಲ್ಲ.